ಪಾದ ನೋಡದೆ ಬರೆದ ಚೀಟಿ

ಕೊರೊನಾದ ಗದ್ದಲ ತಣ್ಣಗಾದ ಮರುವರ್ಷದ ಮಾತು. ಬನಹಟ್ಟಿಯ ನೇಕಾರರ ಓಣಿಗಳ ನಡುವೆ ನನ್ನ ಸಣ್ಣ ದವಾಖಾನೆ ಶುರುವಾಗಿ ಆಗ ಇಪ್ಪತ್ತಾರು ವರ್ಷ ತುಂಬಿತ್ತು. ನಾನು ಎಂಬಿಬಿಎಸ್ ಮಾಡಿದ ಸಾಮಾನ್ಯ ವೈದ್ಯೆ. ಹುಟ್ಟಿದ್ದು ಸಾವಳಗಿಯಲ್ಲಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ಊರವರಿಗೆ ನಾನು 'ಡಾಕ್ಟರ್ ಬಾಯಾರು'. ದವಾಖಾನೆಯ ಗೋಡೆಗೆ ಹತ್ತಿದಂತೆಯೇ ಪವರ್‌ಲೂಮ್ ಶೆಡ್ಡು. ಮಗ್ಗ ನಡೆಯುತ್ತಿದ್ದರೆ ಸ್ಟೆತಸ್ಕೋಪಿನಲ್ಲಿ ಎದೆಯ ಬಡಿತಕ್ಕಿಂತ ಮೊದಲು ಮಗ್ಗದ ಬಡಿತವೇ ಕೇಳುತ್ತಿತ್ತು. ಕರೆಂಟು ಹೋಗಲಿ ಎಂದು ಕಾಯ್ದು ರೋಗಿಯ ಎದೆ ಪರೀಕ್ಷಿಸಿದ ದಿನಗಳೂ ಇವೆ.

ನಾನು ವೃತ್ತಿ ಶುರು ಮಾಡಿದಾಗ ಈ ಓಣಿಗಳಲ್ಲಿ ಕೆಮ್ಮು, ಕ್ಷಯ, ದಮ್ಮು ಹೆಚ್ಚು. ಹತ್ತಿಯ ಧೂಳು ಕುಡಿದ ಎದೆಗಳು. ಬರಬರುತ್ತ ಆ ಜಾಗಕ್ಕೆ ಸಕ್ಕರೆ ಕಾಯಿಲೆ ಬಂತು. ಹತ್ತು ಹನ್ನೆರಡು ತಾಸು ಒಂದೇ ಕಡೆ ಕೂತು ಮಾಡುವ ಕೆಲಸ, ನಾಲ್ಕಾರು ಸಲ ಚಹಾ. ಸಕ್ಕರೆಯವರಿಗೆಂದೇ ಗುರುವಾರ ಮುಂಜಾನೆಯ ಹೊತ್ತನ್ನು ಮೀಸಲಿಟ್ಟೆ. ದಪ್ಪ ಹಳದಿ ಕಾಗದದ ಕಾರ್ಡು ಅಚ್ಚು ಹಾಕಿಸಿದೆ. ತೂಕ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕಣ್ಣು, ಮೂತ್ರಪಿಂಡ, ಪಾದ ಹೀಗೆ ಒಂದೊಂದಕ್ಕೂ ಒಂದೊಂದು ಸಾಲು. ಒಂದು ಗುರುವಾರಕ್ಕೆ ಮೂವತ್ತೈದು ನಲವತ್ತು ಜನ ಬರುತ್ತಿದ್ದರು. ನನ್ನ ಜೊತೆಗೆ ಇದ್ದವಳು ಶಕೀಲಾ ಒಬ್ಬಳೇ. ಹದಿನೆಂಟು ವರ್ಷದಿಂದ ನನ್ನೊಂದಿಗಿರುವ ನರ್ಸು. ತೂಕ, ಬಿಪಿ ಅವಳು ನೋಡಿ ಬರೆಯುತ್ತಿದ್ದಳು, ಉಳಿದದ್ದು ನನ್ನದು.

ಕಸ್ತೂರವ್ವ ಬಂದದ್ದು ನವೆಂಬರಿನ ಒಂದು ಗುರುವಾರ. ವಯಸ್ಸು ಐವತ್ತೊಂದು. ಮನೆತನದ ಹಿಂದಿನವರು ಕುರಿ ಕಾಯುತ್ತಿದ್ದವರು, ಬೀರೇಶ್ವರನ ಒಕ್ಕಲು. ಈಗ ಗಂಡ ಯಲ್ಲಪ್ಪ ಒಂದು ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ. ಕಸ್ತೂರವ್ವ ಮನೆಯಲ್ಲೇ ಕೂತು ಕಂಡಿಕೆ ಸುತ್ತುತ್ತಿದ್ದಳು. ಅಂದರೆ ಮಗ್ಗದ ಲಾಳಿಗೆ ಹಾಕುವ ಸಣ್ಣ ಕಡ್ಡಿಗೆ ನೂಲು ತುಂಬುವ ಕೆಲಸ. ಒಬ್ಬಳೇ ಮಗಳು ರತ್ನಾಳನ್ನು ಬಾಡಗಂಡಿಗೆ ಕೊಟ್ಟಿದ್ದರು. ಕಸ್ತೂರವ್ವನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಗುಳಿಗೆಯನ್ನು ನೆನಪಾದಾಗ ನುಂಗುವುದು, ಮೈ ಹಗುರಾದ ದಿನ ಬಿಡುವುದು. ಆ ದಿನ ತೂಕ ಎಪ್ಪತ್ನಾಲ್ಕು ಕಿಲೋ. ಎಚ್‌ಬಿಎ‌ಒನ್‌ಸಿ ಎಂಬ ರಕ್ತಪರೀಕ್ಷೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಅದು ಏಳರ ಆಸುಪಾಸು ಇದ್ದರೆ ನಾವು ಸಮಾಧಾನಪಡುತ್ತೇವೆ. ಆಕೆಯದು ಹತ್ತು ಪಾಯಿಂಟ್ ಎರಡು ಇತ್ತು.

"ಕಸ್ತೂರವ್ವಾ, ಗುಳಿಗಿ ನಾ ಕೊಡ್ತೇನಿ. ಆದ್ರ ನೀ ದಿನಾ ಮುಂಜಾನೆ ನಲವತ್ತು ನಿಮಿಷ ನಡೀಬೇಕು. ನಡೀಲಿಲ್ಲಂದ್ರ ಇನ್ನ ಇಂಜೆಕ್ಷನ್ನ ಗತಿ" ಅಂದೆ.

ಆಕೆ ನಕ್ಕಳು. "ಎಲ್ಲಿ ನಡೀಲಿರಿ ಬಾಯಾರ? ಕೆಲಸಿಲ್ದ ಹೆಂಗಸು ಮುಂಜಾನೆದ್ದು ರಸ್ತೇದಾಗ ತಿರಗಿದ್ರ ಓಣ್ಯಾನ ಮಂದಿ ಸುಮ್ನ ಬಿಡ್ತಾರೇನ್ರಿ? ಎಲ್ಲಿ ಹೊಂಟಿ, ಯಾಕ ಹೊಂಟಿ, ಮನ್ಯಾಗ ಏನಾರ ಜಗಳಾತೇನು ಅಂತ ಕೇಳ್ತಾರ."

"ಸಕ್ಕರಿ ಐತಿ, ಡಾಕ್ಟರ್ ಹೇಳ್ಯಾರ ಅನ್ನು."

"ಅದನ್ನ ಹೇಳಾಕ ಇನ್ನೂ ನಾಚಿಕ್ರಿ."

ಅವಳ ಮಾತು ಸುಳ್ಳಲ್ಲ. ಬನಹಟ್ಟಿಯಲ್ಲಿ ಬಿಳಿ ಬೂಟು ಹಾಕಿಕೊಂಡು ವಾಕಿಂಗ್ ಹೋಗುವ ಗಂಡಸರಿದ್ದರು; ನೂಲಿನ ವ್ಯಾಪಾರಿಗಳು, ಮಾಸ್ತರರು. ಕಂಡಿಕೆ ಸುತ್ತುವ ಹೆಂಗಸರು ನಡೆಯುವುದೆಂದರೆ ನೀರಿಗೆ, ಸಂತೆಗೆ, ಸತ್ತವರ ಮನೆಗೆ. ಮೈಗೆ ಒಳ್ಳೆಯದು ಎಂದು ಯಾರೂ ನಡೆದಿರಲಿಲ್ಲ. ಆದರೆ ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. "ಏನರ ದಾರಿ ಹುಡಿಕ್ಕೋ" ಎಂದು ಚೀಟಿ ಬರೆಯತೊಡಗಿದೆ.

ಏಳುವಾಗ ಆಕೆ ಒಂದು ಮಾತು ಹೇಳಿದಳು. "ಕಾಲಾಗ ಇರಿವಿ ಹರದಾಡಿದಂಗ ಆಕ್ಕೈತ್ರಿ. ಮಲಗಿದ್ರ ಜಾಸ್ತಿ."

ಚೀಟಿಯ ಕೊನೆಗೆ ಒಂದು ವಿಟಮಿನ್ ಗುಳಿಗೆ ಸೇರಿಸಿದೆ. ಆಮೇಲೆ ಹಳದಿ ಕಾರ್ಡು ತುಂಬಿದೆ. ಕಣ್ಣಿನ ಸಾಲಿನಲ್ಲಿ 'ತಜ್ಞರಿಗೆ ತೋರಿಸುವುದು' ಎಂದು ಬರೆದೆ. ಪಾದದ ಸಾಲಿನ ಮುಂದೆ ಸರಿ ಎನ್ನುವ ಟಿಕ್ ಗುರುತು ಹಾಕಿದೆ. ಆಕೆ ಕುರ್ಚಿಯಲ್ಲಿ ಕೂತಿದ್ದಳು, ಸೀರೆಯ ಅಂಚು ನೆಲ ಮುಟ್ಟಿತ್ತು. ಆ ಪಾದಗಳನ್ನು ನಾನು ನೋಡಿರಲಿಲ್ಲ. ಇದನ್ನು ಮುಚ್ಚಿಟ್ಟರೆ ಮುಂದಿನದನ್ನೆಲ್ಲ ಹೇಳುವುದರಲ್ಲಿ ಅರ್ಥವಿಲ್ಲ.

ಡಿಸೆಂಬರಿನಲ್ಲಿ ಕಸ್ತೂರವ್ವ ಮತ್ತೆ ಬಂದಳು. ಈ ಸಲ ಯಲ್ಲಪ್ಪನೂ ಜೊತೆಗಿದ್ದ. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಮಗ್ಗದ ಸದ್ದಿನಲ್ಲಿ ಕೆಲಸ ಮಾಡುವವರೆಲ್ಲರಂತೆ ಅವನಿಗೂ ಕಿವಿ ಮಂದವಾಗಿತ್ತು. ಕಸ್ತೂರವ್ವನ ಮುಖದಲ್ಲಿ ಗೆಲುವಿತ್ತು.

"ದಾರಿ ಹುಡಕೇನ್ರಿ ಬಾಯಾರ. ದಿನಾ ಮುಂಜಾನೆ ಬೀರೇಶ್ವರನ ಗುಡಿಗೆ ಹೋಗಿ ಬರ್ತೇನಿ. ಹರಕಿ ಹೊತ್ತೇನಿ ಅಂತ ಓಣ್ಯಾಗೆಲ್ಲ ಹೇಳಿಬಿಟ್ಟೇನಿ. ಈಗ ಯಾರೂ ಯಾಕ ಅನ್ನೂದಿಲ್ಲ. ಉಲ್ಟಾ ನಮ್ಮ ಹೆಸರ್ಲೆ ಒಂದ ಕಾಯಿ ಒಡಿ ಅಂತಾರ."

ನನಗೆ ಆಕೆಯ ಜಾಣತನ ಬಹಳ ಹಿಡಿಸಿತು. ಗುಡಿ ಊರ ಹೊರಗೆ, ಕಬ್ಬಿನ ಹೊಲಗಳ ನಡುವೆ. ಹೋಗಲು ಎರಡು ಕಿಲೋಮೀಟರ್, ಬರಲು ಎರಡು. ಯಲ್ಲಪ್ಪನ ಕಡೆ ತಿರುಗಿ ಗಟ್ಟಿಯಾಗಿ, "ನಿನ್ನ ಹೇಣ್ತಿ ಶಾಣ್ಯಾಕಿ ಅದಾಳಪಾ" ಅಂದೆ. ಅವನು ನಾಚಿ ತಲೆ ತಗ್ಗಿಸಿದ. ಕಾರ್ಡಿನಲ್ಲಿ ನನ್ನ ಕೈಯಾರೆ ಬರೆದೆ: 'ನಡಿಗೆ ಆರಂಭ. ದಿನಾ ಗುಡಿಗೆ, ಒಟ್ಟು ನಾಲ್ಕು ಕಿ.ಮೀ.' ಪಾದದ ಮುಂದೆ ಮತ್ತೊಂದು ಟಿಕ್.

ಜನವರಿಯಲ್ಲಿ ಆ ಓಣಿಯ ಇನ್ನಿಬ್ಬರು ಹೆಂಗಸರು ಆಕೆಯ ಜೊತೆ ನಡೆಯತೊಡಗಿದರು. ಅವರಿಬ್ಬರಿಗೂ ಸಕ್ಕರೆ ಇತ್ತು, ಇಬ್ಬರೂ ನನ್ನ ಗುರುವಾರದವರೇ. ನಾನು ಮುಂಜಾನೆ ದವಾಖಾನೆಗೆ ಬರುವಾಗ ಒಂದೆರಡು ಸಲ ಮೂವರೂ ದೂರದಿಂದ ಕಂಡಿದ್ದರು. ಸೆರಗು ತಲೆಯ ಮೇಲೆ, ಕೈಯಲ್ಲಿ ಸಣ್ಣ ತಂಬಿಗೆ, ಕಬ್ಬು ಹೇರಿಕೊಂಡು ಬಾಡಗಂಡಿಯ ಸಕ್ಕರೆ ಕಾರ್ಖಾನೆ ಕಡೆ ಹೊರಟ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟು ರಸ್ತೆಯ ಅಂಚು ಹಿಡಿದು ಮಾತಾಡುತ್ತ ಹೋಗುತ್ತಿದ್ದರು. ನನಗೆ ಆಗ ಅನಿಸಿದ್ದು ಹೆಮ್ಮೆ. ಇಪ್ಪತ್ತಾರು ವರ್ಷದಲ್ಲಿ ನಾನು ನಡೆಯಿರಿ ಎಂದು ಹೇಳಿದವರು ಸಾವಿರಾರು. ನಡೆದವರು ಬೆರಳೆಣಿಕೆಯವರು.

ಫೆಬ್ರವರಿಯಲ್ಲಿ ಮೂರು ತಿಂಗಳ ಪರೀಕ್ಷೆ ಬಂತು. ಏಳು ಪಾಯಿಂಟ್ ಮೂರು! ತೂಕ ಅರವತ್ತೆಂಟು. ಲ್ಯಾಬಿನ ಕಾಗದ ಹಿಡಿದುಕೊಂಡು ನಾನೇ ಹೊರಗಿನ ಹಾಲಿಗೆ ಬಂದು ಕಸ್ತೂರವ್ವನನ್ನು ಎಲ್ಲರ ಮುಂದೆ ನಿಲ್ಲಿಸಿದೆ. "ನೋಡ್ರಿ, ನಡದ್ರ ಏನ ಆಕ್ಕೈತಿ ಅನ್ನೂದಕ್ಕ ಇಕಿನ ಸಾಕ್ಷಿ" ಅಂದೆ. ಶಕೀಲಾ ಚಪ್ಪಾಳೆ ಹೊಡೆದಳು. ಒಬ್ಬಿಬ್ಬರು ರೋಗಿಗಳೂ ಹೊಡೆದರು. ಕಸ್ತೂರವ್ವ ಬಾಯಿಗೆ ಸೆರಗು ಹಿಡಿದು ನಗುತ್ತ ನಿಂತಿದ್ದಳು.

ಒಳಗೆ ಬಂದ ಮೇಲೆ ಆಕೆ ಹೇಳಿದಳು: "ಮತ್ತ ಕಾಲಾಗ ಇರಿವಿ ಹರ್ಯೂದೂ ನಿಂತೈತ್ರಿ ಬಾಯಾರ. ಏನೂ ಗೊತ್ತ ಆಗೂದಿಲ್ಲ ಈಗ. ಹತ್ತಿ ಮ್ಯಾಲ ನಡದಂಗ ಆಕ್ಕೈತಿ."

"ಛಲೋ ಆತಲ್ಲ" ಅಂದೆ.

ವೈದ್ಯ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವ ಪಾಠಗಳಲ್ಲಿ ಇದು ಒಂದು. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಮೆಲ್ಲಗೆ ಕೊಲ್ಲುತ್ತ ಬರುತ್ತದೆ. ಅದಕ್ಕೆ ನ್ಯೂರೋಪತಿ ಎಂದು ಹೆಸರು. ನರ ಸಾಯುವಾಗ ಜುಮುಜುಮು ಎನ್ನುತ್ತದೆ, ಉರಿಯುತ್ತದೆ, ಇರುವೆ ಹರಿದಂತಾಗುತ್ತದೆ. ಸತ್ತ ಮೇಲೆ ಏನೂ ಆಗುವುದಿಲ್ಲ. ಹತ್ತಿಯ ಮೇಲೆ ನಡೆದಂತಾಗುತ್ತದೆ ಎಂದು ರೋಗಿ ಹೇಳಿದರೆ ಪಾದಕ್ಕೆ ನೋವು ತಿಳಿಯುವ ಶಕ್ತಿ ಹೋಗಿದೆ ಎಂದೇ ಅರ್ಥ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವನ್ನೂ ಪಡೆದಿದ್ದೆ. ಕಸ್ತೂರವ್ವ ಅದನ್ನೇ ತನ್ನ ಬಾಯಿಂದ ಹೇಳಿದಾಗ ನನ್ನ ಕೈಯಲ್ಲಿ ಲ್ಯಾಬಿನ ಕಾಗದವಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಹನ್ನೊಂದು ದಿನ ಕಳೆದಿರಬೇಕು. ಸೋಮವಾರ ಮುಂಜಾನೆ ಹತ್ತರ ಹೊತ್ತಿಗೆ ಯಲ್ಲಪ್ಪ ಆಟೋದಲ್ಲಿ ಆಕೆಯನ್ನು ಕರೆತಂದ. ಮೂರು ದಿನದಿಂದ ಚಳಿಜ್ವರ. ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ಕೊಟ್ಟಿದ್ದನಂತೆ. ಒಳಗೆ ಕರೆತಂದು ಮಲಗಿಸುವಾಗಲೇ ಕೋಣೆಯಲ್ಲಿ ಒಂದು ವಾಸನೆ ತುಂಬಿತು. ಒಮ್ಮೆ ಮೂಗಿಗೆ ಬಡಿದರೆ ವೈದ್ಯರು ಮರೆಯದ ವಾಸನೆ ಅದು. ಶಕೀಲಾ ನನ್ನ ಮುಖ ನೋಡಿದಳು. ನಾನು ಸೀರೆಯ ಅಂಚನ್ನು ಮೇಲೆತ್ತಿದೆ.

ಬಲಗಾಲಿನ ಪಾದ ಊದಿ ಹೊಳೆಯುತ್ತಿತ್ತು. ಹೆಬ್ಬೆರಳ ಬುಡದ ಕೆಳಗೆ, ಅಂಗಾಲಿನಲ್ಲಿ, ನಾಲ್ಕಾಣೆಯಷ್ಟು ಅಗಲದ ಕಪ್ಪು ಮಚ್ಚೆ. ಸುತ್ತ ಕೀವು. ಮಧ್ಯದಲ್ಲಿ ಏನೋ ಗಟ್ಟಿಯಾದದ್ದು. ಶಕೀಲಾ ಚಿಮಟ ಕೊಟ್ಟಳು. ಹಿಡಿದು ಎಳೆದೆ. ಹೊರಗೆ ಬಂದದ್ದು ಜಾಲಿ ಮುಳ್ಳು, ನನ್ನ ಕಿರುಬೆರಳಿನ ಅರ್ಧದಷ್ಟು ಉದ್ದ. ಒಳಗೆ ಹೋಗಿ ಎಷ್ಟು ದಿನವಾಗಿತ್ತೋ, ಕೀವಿನಲ್ಲಿ ನೆನೆದು ಕಪ್ಪಾಗಿತ್ತು. ಎಳೆಯುವಾಗ ಆಕೆ ಕಣ್ಣು ಕೂಡ ಮಿಟುಕಿಸಲಿಲ್ಲ. ಛಾವಣಿಯ ಫ್ಯಾನು ನೋಡುತ್ತ ಮಲಗಿದ್ದಳು.

"ಬ್ಯಾನಿ ಆಗ್ಲಿಲ್ಲೇನ ಕಸ್ತೂರವ್ವಾ?"

"ಇಲ್ರಿ. ಏನ ಇತ್ರಿ ಅಲ್ಲಿ?"

ಮುಳ್ಳನ್ನು ತೋರಿಸಿದೆ. ಆಕೆ ಯಾರದೋ ಕಾಲಿನ ಮುಳ್ಳು ನೋಡಿದಂತೆ ನೋಡಿದಳು.

"ಚಪ್ಪಲ ಹಾಕ್ಕೊಂಡ ನಡ್ಯೂದಿಲ್ಲೇನು?" ಎಂದು ಕೇಳಿದೆ. ನನ್ನ ದನಿ ಸಿಟ್ಟಿನದಾಗಿತ್ತು.

ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. "ಹರಕೀ ನಡಿಗಿಗೆ ಚಪ್ಪಲ ಯಾರ ಹಾಕ್ಕೋತಾರ್ರಿ ಬಾಯಾರ?"

ಸಾವಳಗಿಯಲ್ಲಿ ಹುಟ್ಟಿ ಬೆಳೆದವಳು ನಾನು. ಹರಕೆ ಹೊತ್ತವರು ಬರಿಗಾಲಲ್ಲಿ ನಡೆಯುತ್ತಾರೆ ಎನ್ನುವುದು ನನಗೆ ಯಾರೂ ಹೇಳಿಕೊಡಬೇಕಾದ ಸಂಗತಿ ಆಗಿರಲಿಲ್ಲ. ನನ್ನ ತಾಯಿಯೇ ಹಾಗೆ ನಡೆದಿದ್ದಾಳೆ. 'ದಿನಾ ಗುಡಿಗೆ' ಎಂದು ಬರೆಯುವಾಗ ಅದು ಮನಸ್ಸಿಗೆ ಹೊಳೆಯಲಿಲ್ಲ. ಕಿಲೋಮೀಟರ್ ಎಷ್ಟು ಎಂದು ಮಾತ್ರ ಲೆಕ್ಕ ಹಾಕಿದೆ.

ಅದೇ ಆಟೋದಲ್ಲಿ ಕೂರಿಸಿಕೊಂಡು ಜಮಖಂಡಿಗೆ ಹೊರಟೆವು. ಅಲ್ಲಿ ನನಗೆ ಪರಿಚಯವಿದ್ದ ಒಬ್ಬ ಸರ್ಜನ್ ಇದ್ದರು. ನನಗಿಂತ ಚಿಕ್ಕವರು, ಮಾತು ಕಡಿಮೆ, ಕೈ ಚುರುಕು. ಪಾದವನ್ನು ಒತ್ತಿ ನೋಡಿದರು. ಚರ್ಮದ ಕೆಳಗೆ ಕರಕರ ಎಂಬ ಸದ್ದು. ಸೋಂಕು ಒಳಗೆ ಗಾಳಿ ಹುಟ್ಟಿಸಿದೆ, ಮೇಲಕ್ಕೆ ಏರುತ್ತಿದೆ ಎಂಬುದರ ಗುರುತು ಅದು. ಆ ದಿನವೇ ಕೊಳೆತ ಭಾಗವನ್ನೂ ಎರಡು ಬೆರಳನ್ನೂ ತೆಗೆದರು. ಕೊಳೆತದ್ದನ್ನು ಕೆರೆದು ತೆಗೆಯುವ ಈ ಕೆಲಸಕ್ಕೆ ಡಿಬ್ರೈಡ್‌ಮೆಂಟ್ ಎನ್ನುತ್ತಾರೆ. ಮೂರನೆಯ ದಿನಕ್ಕೆ ಕಪ್ಪು ಬಣ್ಣ ಹಿಮ್ಮಡಿ ದಾಟಿತ್ತು. ಸರ್ಜನ್ ನನಗೆ ಫೋನ್ ಮಾಡಿದರು. "ಮೊಣಕಾಲ ಕೆಳಗೆ ತೆಗೀಬೇಕು ಮೇಡಂ. ನಾಳೆ ಅಂದರೆ ಮೊಣಕಾಲ ಮೇಲೆ ಹೋಗುತ್ತೆ. ಮನೆಯವರು ಸಹಿ ಮಾಡ್ತಿಲ್ಲ, ನಿಮ್ಮನ್ನ ಕೇಳಬೇಕಂತೆ."

ದವಾಖಾನೆ ಮುಚ್ಚಿ ಮತ್ತೆ ಜಮಖಂಡಿಗೆ ಹೋದೆ. ವಾರ್ಡಿನ ಹೊರಗೆ ಯಲ್ಲಪ್ಪ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಬಾಡಗಂಡಿಯಿಂದ ಬಂದ ಮಗಳು ರತ್ನಾ. ನನ್ನನ್ನು ಕಂಡು ಯಲ್ಲಪ್ಪ ಎದ್ದು ಕೈಮುಗಿದ.

"ನೀವ ಹೇಳ್ರಿ ಬಾಯಾರ. ತಗೀಬೇಕೇನ್ರಿ ಕಾಲು?"

"ತಗೀಬೇಕಪಾ. ಇಲ್ಲಂದ್ರ ಜೀವ ಉಳ್ಯೂದಿಲ್ಲ."

ಅವನು ಸಹಿ ಮಾಡಲು ಒಳಗೆ ಹೋದ. ರತ್ನಾ ಅಲ್ಲೇ ನಿಂತಳು. ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತ ಹೇಳಿದಳು:

"ನಮ್ಮವ್ವ ತನ್ನ ಪಾಡಿಗಿ ತಾ ಕುಂತ ಕಂಡಿಕಿ ಸುತ್ತತಿದ್ಲು. ನಡಿ ಅಂದವ್ರು ನೀವ."

"ಹೌದು" ಅಂದೆ.

ಆ ಮಧ್ಯಾಹ್ನ ಕಸ್ತೂರವ್ವನ ಬಲಗಾಲನ್ನು ಮೊಣಕಾಲಿನ ಆರು ಇಂಚು ಕೆಳಗೆ ತೆಗೆದರು.

ಮರುದಿನ ಗುರುವಾರ. ದವಾಖಾನೆಯ ಹಾಲಿನಲ್ಲಿ ಎಂದಿನಂತೆ ಜನ. ಮೊದಲ ರೋಗಿಯನ್ನು ಕರೆಯುವ ಮೊದಲು ಕಸ್ತೂರವ್ವನ ಕಾರ್ಡು ತೆಗೆದು ನೋಡಿದೆ. ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ. ಪಾದದ ಸಾಲಿನಲ್ಲಿ ನಾಲ್ಕು ಟಿಕ್, ನೀಲಿ ಶಾಯಿಯಲ್ಲಿ, ನಾಲ್ಕೂ ಒಂದೇ ಓರೆಯಲ್ಲಿ. ಅಲಮಾರಿಯಿಂದ ಉಳಿದವರ ಕಾರ್ಡುಗಳನ್ನೂ ತೆಗೆದೆ. ಎಲ್ಲದರಲ್ಲೂ ಅದೇ ಓರೆಯ ಟಿಕ್. ಶಕೀಲಾ ಬಾಗಿಲಲ್ಲಿ ನಿಂತಿದ್ದಳು. "ಬಾಯಾರ, ಟಾಯಿಮ್ ಎಲ್ಲಿ ಇರತೈತ್ರಿ ಇಷ್ಟ ಮಂದ್ಯಾಗ" ಅಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು. ಪಾದ ನೋಡಲು ಎಷ್ಟು ಸಮಯ ಬೇಕು ಎಂದು ಅವತ್ತು ಗಡಿಯಾರ ನೋಡಿ ಅಳೆದೆ. ಒಬ್ಬರಿಗೆ ಎರಡು ನಿಮಿಷ.

ಅಂದು ಎಲ್ಲರ ಚಪ್ಪಲಿ ಬಿಡಿಸಿದೆ. ಗಂಡಸರು ಗೊಣಗಿದರು, ಹೆಂಗಸರು ಡಾಕ್ಟರರ ಕೈ ತಮ್ಮ ಕಾಲಿಗೆ ಹತ್ತುತ್ತದಲ್ಲ ಎಂದು ಹಿಂದೆ ಸರಿದರು. ಮೀನು ಹಿಡಿಯುವ ದಾರದಂಥ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ಕಣ್ಣು ಮುಚ್ಚಿದ ರೋಗಿಗೆ ತಿಳಿಯುತ್ತದೆಯೇ ಎಂದು ಕೇಳುವ ಪರೀಕ್ಷೆ ಇದೆ. ಆರು ಜನಕ್ಕೆ ಅದು ತಿಳಿಯಲಿಲ್ಲ. ಅವರಲ್ಲಿ ಕಸ್ತೂರವ್ವನ ಜೊತೆ ನಡೆಯುತ್ತಿದ್ದ ಇಬ್ಬರಲ್ಲಿ ಒಬ್ಬಳೂ ಇದ್ದಳು. ಅವಳ ಹಿಮ್ಮಡಿಯ ಬಿರುಕಿನಲ್ಲಿ ಒಂದು ಗಾಜಿನ ಚೂರು ಸಿಕ್ಕಿಕೊಂಡಿತ್ತು. ಇನ್ನೂ ಕೀವಾಗಿರಲಿಲ್ಲ. ತೆಗೆದು ಪಟ್ಟಿ ಕಟ್ಟಿದೆವು.

ಕಸ್ತೂರವ್ವನನ್ನು ಮನೆಗೆ ಕಳಿಸಿ ಹದಿನೈದು ದಿನವಾದ ಮೇಲೆ ಅವರ ಮನೆಗೆ ಹೋದೆ. ಅದಕ್ಕೂ ಮೊದಲು ಎರಡು ಸಲ ಓಣಿಯ ತಿರುವಿನವರೆಗೆ ಹೋಗಿ ಹಿಂದಿರುಗಿದ್ದೆ. ಕಾರ್ಡು ನನ್ನ ಚೀಲದಲ್ಲಿತ್ತು. ಆ ಟಿಕ್‌ಗಳ ವಿಷಯ ನನಗೂ ಶಕೀಲಾಳಿಗೂ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಸರ್ಜನ್ ಕೇಳಿರಲಿಲ್ಲ. ಮನೆಯವರಿಗೆ ಕಾರ್ಡಿನಲ್ಲಿ ಏನಿರುತ್ತದೆ ಎನ್ನುವುದೇ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಸುಮ್ಮನೆ ಮುಗಿದುಹೋಗುತ್ತಿತ್ತು. ಬರಿಗಾಲಲ್ಲಿ ನಡೆದಳು, ಮುಳ್ಳು ಚುಚ್ಚಿತು, ಹಣೆಬರಹ ಎಂದು ಊರು ಆಗಲೇ ತೀರ್ಮಾನಿಸಿತ್ತು.

ಆಕೆ ಹೊರಗಿನ ಕೋಣೆಯಲ್ಲಿ ಕೌದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಉಳಿದ ಅರ್ಧ ಕಾಲು ದಿಂಬಿನ ಮೇಲೆ. ರತ್ನಾ ನೀರು ತಂದಿಟ್ಟು ಬಾಗಿಲ ಬಳಿ ನಿಂತಳು. ಯಲ್ಲಪ್ಪ ಊಟಕ್ಕೆಂದು ಶೆಡ್ಡಿನಿಂದ ಬಂದಿದ್ದ. ಅವನ ತಲೆಗೂದಲಲ್ಲಿ ಹತ್ತಿಯ ನವಿರು ಹಾಗೇ ಇತ್ತು. ನಾನು ಕಾರ್ಡು ತೆಗೆದು ಮುಂದಿಟ್ಟೆ. ಇದು ಪಾದದ ಸಾಲು, ಈ ಗುರುತಿನ ಅರ್ಥ ಪಾದ ನೋಡಿದ್ದೇನೆ, ಸರಿಯಾಗಿದೆ ಎಂದು. ನಾನು ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದರೆ ನಿನ್ನ ಪಾದಕ್ಕೆ ನೋವು ತಿಳಿಯುವ ಶಕ್ತಿ ಹೋಗುತ್ತಿದೆ ಎಂದು ನವೆಂಬರಿನಲ್ಲೇ ಗೊತ್ತಾಗುತ್ತಿತ್ತು. ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಗೊಡುತ್ತಿರಲಿಲ್ಲ. ಇಷ್ಟನ್ನೂ ಹೇಳಿದೆ. ಯಲ್ಲಪ್ಪನಿಗೆ ಕೇಳಿಸಲಿ ಎಂದು ಗಟ್ಟಿಯಾಗಿ ಹೇಳಬೇಕಾಯಿತು. ತಪ್ಪನ್ನು ಕೂಗಿ ಹೇಳುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

ರತ್ನಾ ಕಾರ್ಡನ್ನು ಕೈಗೆತ್ತಿಕೊಂಡು ನೋಡಿದಳು. ಮತ್ತೆ ಕೆಳಗಿಟ್ಟು ಒಳಗೆ ಹೋದಳು. ಒಳಗಿನಿಂದ ಪಾತ್ರೆಯೊಂದನ್ನು ಕುಕ್ಕಿದ ಸದ್ದು ಬಂತು.

ಕಸ್ತೂರವ್ವ ಅಂದಳು: "ನನ್ನ ಕಾಲ ನಾನರ ಎಲ್ಲಿ ನೋಡಿದ್ನಿರಿ ಬಾಯಾರ. ಐವತ್ತ ವರ್ಷ ಆತು. ತೊಳ್ಕೊಂಡೇನಿ, ನೋಡಿಲ್ಲ."

ಆಕೆ ಮುಂದುವರಿದಳು. "ಆದ್ರೂ ಖರೆ ಹೇಳ್ತೇನ್ರಿ. ಆ ಮೂರು ತಿಂಗಳ ನನಗ ಭಾಳ ಛಲೋ ಅನಿಸಿತ್ತು. ಮುಂಜಾನೆ ಥಂಡ್ಯಾಗ ಹೊರಗ ಬೀಳೂದು, ಕಬ್ಬಿನ ಹೊಲದ ವಾಸ್ನಿ, ಯಾರೂ ಕಂಡಿಕಿ ಕೊಡು ಅನ್ನಾವ್ರಿಲ್ಲ, ಅಡಗಿ ಮಾಡು ಅನ್ನಾವ್ರಿಲ್ಲ. ಅಷ್ಟ ಹೊತ್ತು ನಾ ನನ್ನ ಸಲುವಾಗಿ ಇದ್ನಿ. ಅದ ಒಂದ ನೆನಪ ಆಕ್ಕೈತಿ."

ಯಲ್ಲಪ್ಪ ಎದ್ದು ಹೊರಗೆ ಹೋದ. ಊಟ ಮಾಡದೆ ಶೆಡ್ಡಿಗೆ ಹೋಗಿಬಿಟ್ಟ ಎಂದು ಆಮೇಲೆ ತಿಳಿಯಿತು.

ಕ್ಷಮೆ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಯಲ್ಲಪ್ಪ ಅವತ್ತಿನಿಂದ ನನಗೆ ಕೈಮುಗಿಯುವುದನ್ನು ನಿಲ್ಲಿಸಿದ. ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಅದು ನ್ಯಾಯ ಎಂದೇ ನನಗೆ ಅನಿಸುತ್ತಿತ್ತು.

ಇದರ ಪರಿಣಾಮ ಒಂದು ಮನೆಗೆ ನಿಲ್ಲಲಿಲ್ಲ. ನಡೆದದ್ದರಿಂದ ಕಸ್ತೂರವ್ವನ ಕಾಲು ಹೋಯಿತು ಎಂಬ ಮಾತು ಓಣಿಯಿಂದ ಓಣಿಗೆ ಹಬ್ಬಿತು. ಆಕೆಯ ಜೊತೆ ನಡೆಯುತ್ತಿದ್ದ ಇಬ್ಬರೂ ನಿಲ್ಲಿಸಿದರು. ಗಾಜಿನ ಚೂರು ತೆಗೆಸಿಕೊಂಡವಳ ಮನೆಗೆ ನಾನೇ ಮೆತ್ತನೆಯ ಅಟ್ಟೆಯ ಚಪ್ಪಲಿ ಒಯ್ದೆ. "ಇದನ್ನ ಹಾಕ್ಕೊಂಡ ನಡಿಯವಾ, ಏನೂ ಆಗೂದಿಲ್ಲ" ಅಂದೆ. ಅವಳು ಚಪ್ಪಲಿಯನ್ನು ತೆಗೆದುಕೊಂಡಳು, ಒಳಗಿಟ್ಟಳು. "ಬ್ಯಾಡ್ರಿ ಬಾಯಾರ. ಸಕ್ಕರಿ ಜಾಸ್ತಿ ಆದ್ರ ಆಗ್ಲಿ. ಕಾಲ ಇರಲಿ" ಅಂದಳು. ಮುಂದಿನ ಪರೀಕ್ಷೆಯಲ್ಲಿ ಅವಳ ಎಚ್‌ಬಿಎ‌ಒನ್‌ಸಿ ಒಂಬತ್ತು ದಾಟಿತ್ತು. ನಡೆಯಬೇಕಾದವರು ನಡೆಯದಂತೆ ಮಾಡಿದವಳೂ ನಾನೇ ಆದೆ.

ನಾನು ತಿಂಗಳಿಗೊಮ್ಮೆ ಕಸ್ತೂರವ್ವನ ಮನೆಗೆ ಹೋಗತೊಡಗಿದೆ. ಉಳಿದ ಎಡ ಪಾದವನ್ನು ನೋಡುವುದು ನನ್ನ ಕೆಲಸ. ಆಕೆಯ ಎದುರು ನೆಲದ ಮೇಲೆ ಕೂತು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದೆ. ಉಗುರು ನಾನೇ ಕತ್ತರಿಸುತ್ತಿದ್ದೆ. ಮೊದಮೊದಲು ಆಕೆ "ಬ್ಯಾಡ್ರಿ, ಪಾಪ ಹತ್ತತೈತಿ ನನಗ" ಎಂದು ಕಾಲು ಎಳೆದುಕೊಳ್ಳುತ್ತಿದ್ದಳು. ಆಮೇಲೆ ರೂಢಿಯಾಯಿತು. ಮುಧೋಳದಲ್ಲಿ ನಡೆದ ಒಂದು ಶಿಬಿರದಲ್ಲಿ ಅಳತೆ ಕೊಟ್ಟು ಕೃತಕ ಕಾಲು ಮಾಡಿಸಿದೆವು. ಅದನ್ನು ಹಾಕಿಕೊಂಡು ಅಂಗಳದವರೆಗೆ ಹೋಗುತ್ತಿದ್ದಳು. ಗಾಯ ಮಾಗಿದ ಜಾಗ ಉರಿಯುತ್ತದೆ ಎಂದು ಎರಡು ತಿಂಗಳಲ್ಲಿ ಗೋಡೆಗೆ ಆನಿಸಿಟ್ಟಳು. ಕಂಡಿಕೆ ಸುತ್ತುವುದನ್ನು ಮತ್ತೆ ಶುರು ಮಾಡಿದಳು. ತೂಕ ಏರಿತು, ಬಿಪಿ ಏರಿತು, ಸಕ್ಕರೆಗೆ ಇಂಜೆಕ್ಷನ್ ಬಂತು. ಯಾವುದನ್ನು ತಪ್ಪಿಸಲೆಂದು ನಡೆ ಅಂದಿದ್ದೆನೋ ಅದೆಲ್ಲ ಒಂದೊಂದಾಗಿ ಬಂತು.

ಕಾಲು ಹೋದ ಒಂದೂಮುಕ್ಕಾಲು ವರ್ಷಕ್ಕೆ, ದೀಪಾವಳಿ ಮುಗಿದ ವಾರದಲ್ಲಿ, ಕಸ್ತೂರವ್ವ ಮುಂಜಾನೆ ಚಹಾ ಕುಡಿಯುತ್ತಿರುವಾಗ ಎದೆ ಹಿಡಿದುಕೊಂಡು ಹೋಗಿಬಿಟ್ಟಳು. ನನಗೆ ತಿಳಿಸಲು ಬಂದವಳು ರತ್ನಾ. ದವಾಖಾನೆಯ ಮೆಟ್ಟಿಲ ಕೆಳಗೆ ನಿಂತು, "ಅವ್ವ ಹೋದ್ಲರಿ. ನಿಮಗ ಹೇಳಬೇಕ ಅನಿಸ್ತು" ಅಂದಳು. ಒಳಗೆ ಬಾ ಅಂದೆ. ಬರಲಿಲ್ಲ.

ಈಗಲೂ ಗುರುವಾರ ನಡೆಯುತ್ತದೆ. ಕಾರ್ಡಿನಿಂದ ಟಿಕ್ ಹಾಕುವ ಚೌಕಗಳನ್ನು ತೆಗೆಸಿದ್ದೇನೆ. ಈಗ ಏನು ಕಂಡಿತು ಎಂದು ಮಾತಿನಲ್ಲಿ ಬರೆಯಬೇಕು. ಯಾರಿಗಾದರೂ ನಡೆ ಎಂದು ಹೇಳುವ ಮೊದಲು ಚಪ್ಪಲಿ ಬಿಡಿಸುತ್ತೇನೆ. ಎಲ್ಲಿ ನಡೆಯುತ್ತೀ, ಎಂಥ ದಾರಿ, ಕಾಲಿಗೆ ಏನು ಹಾಕಿಕೊಳ್ಳುತ್ತೀ, ನಡೆದು ಬಂದ ಮೇಲೆ ಅಂಗಾಲನ್ನು ಯಾರು ನೋಡುತ್ತಾರೆ ಎಂದು ಕೇಳುತ್ತೇನೆ. ನಡಿಗೆಯನ್ನು ನಾನು ಬಹಳ ವರ್ಷ ಖರ್ಚಿಲ್ಲದ, ಅಪಾಯವಿಲ್ಲದ ಸಲಹೆ ಎಂದುಕೊಂಡಿದ್ದೆ. ಗುಳಿಗೆ ಬರೆಯುವಾಗ ಎರಡು ಸಲ ಯೋಚಿಸುವವಳು, ನಡೆ ಎಂದು ಹೇಳುವಾಗ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ವೈದ್ಯರ ಬಾಯಿಂದ ಬಂದ ಮಾತನ್ನು ಒಬ್ಬರು ನಿಜವಾಗಿಯೂ ಪಾಲಿಸಿಬಿಡಬಹುದು. ಹಾಗೆ ಪಾಲಿಸುವವರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಹೇಳಿದ್ದನ್ನು ಕೇಳದವರು ನನ್ನ ತಪ್ಪಿನಿಂದ ಪಾರಾದರು. ಕಸ್ತೂರವ್ವ ಕೇಳಿದಳು.

ಆಕೆ ತೀರಿಕೊಳ್ಳುವ ಎಂಟು ದಿನ ಮೊದಲು ಎಡ ಪಾದವನ್ನು ಕೊನೆಯ ಸಲ ನೋಡಿದ್ದೆ. ಹಿಮ್ಮಡಿ ಮೆತ್ತಗಿತ್ತು, ಉಗುರುಗಳು ಸಮವಾಗಿದ್ದವು, ಒಂದು ಗೀರೂ ಇರಲಿಲ್ಲ. ಹಾಗೆಂದು ಕಾರ್ಡಿನಲ್ಲಿ ಬರೆದೆ.